ಸೋದರಮಾವನ ತೊಡೆ

ಮಗುವಿನ ಜವಳಕ್ಕೆ ಸೋದರಮಾವ ಬೇಕು. ದೇವರು ಬೇಕು, ಕ್ಷೌರದವನು ಬೇಕು, ಊಟಕ್ಕೆ ನೂರು ಜನ ಬೇಕು, ಅದೆಲ್ಲ ಸರಿ. ಆದರೆ ತಾಯಿಯ ಅಣ್ಣನೋ ತಮ್ಮನೋ ಬಂದು ಚಕ್ಕಳಮಕ್ಕಳ ಹಾಕಿ ಕೂತು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ತನಕ ಹುಟ್ಟುಗೂದಲಿಗೆ ಕತ್ತಿ ತಾಗಿಸುವ ಹಾಗಿಲ್ಲ. ನಮ್ಮ ಕಡೆ ಇದು ಎಷ್ಟು ಗಟ್ಟಿ ಎಂದರೆ, ಮಾವ ಮುನಿಸಿಕೊಂಡು ಬಾರದೆ ಹೋದದ್ದಕ್ಕೆ ವರ್ಷಗಟ್ಟಲೆ ಮುಂದೆ ಹೋದ ಜವಳಗಳನ್ನು ನಾನೇ ಕಂಡಿದ್ದೇನೆ. ಹಾಗಾಗಿ ಕರುಣಾಳ ಜವಳವನ್ನು ಬಾಯಿ ತೆರೆಯದೆ ನಿಲ್ಲಿಸುವ ಅಧಿಕಾರ ಈ ಭೂಮಿಯ ಮೇಲೆ ಒಬ್ಬನಿಗೇ ಇತ್ತು. ಅವನು ನಾನು. ನಾನು ಹೋದೆ.

ನನ್ನ ಹೆಸರು ತೀರ್ಥೇಶ್. ಶಿಕಾರಿಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಕಸುಬು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಇರುತ್ತದೆ ಎಂದು ಊರಿಗೆಲ್ಲ ಗೊತ್ತು. ಮೋಟಾರು ತಂದವರು ‘ಯಾವಾಗ ಕೊಡ್ತೀರಿ’ ಎಂದು ಎರಡನೇ ಸಲ ಕೇಳುವುದಿಲ್ಲ. ಸಿಟ್ಟು ಬಿಟ್ಟರೆ ನನಗಿರುವ ಇನ್ನೊಂದು ರೋಗ ಜಂಬ. ಅದು ಊರಿಗೆ ಗೊತ್ತಿಲ್ಲ, ಮನೆಯವರಿಗೆ ಮಾತ್ರ ಗೊತ್ತು.

ದಿವ್ಯ ನನ್ನ ಒಬ್ಬಳೇ ತಂಗಿ. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆ ಮಾಡಿದವನು ನಾನೇ. ಸೊರಬ ತಾಲೂಕಿನ ಹೊಸಬಾಳೆಗೆ ಕೊಟ್ಟಿದ್ದೇವೆ. ಅವಳ ಗಂಡ ವಸಂತ ಆನವಟ್ಟಿಯ ಹೈಸ್ಕೂಲೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಗದ್ದೆ ನೋಡಿಕೊಂಡು ಬೈಕ್ ಹತ್ತಿ ಹೋಗುವ ಸಂಭಾವಿತ. ಮನೆಯಲ್ಲಿ ಅವನ ತಾಯಿ ಯಮುನಮ್ಮನ ಮಾತೇ ನಡೆಯುವುದು. ಕರುಣಾ ಇವರ ಮಗಳು, ನನ್ನ ಒಬ್ಬಳೇ ಸೊಸೆ.

ಕರುಣಾ ಯಾರ ಕೈಗೂ ಬರುವ ಮಗುವಾಗಿರಲಿಲ್ಲ. ಎತ್ತಿಕೊಂಡರೆ ಬೆನ್ನು ಸೆಟೆಸಿ ಜಾರುತ್ತಿದ್ದಳು. ಮುತ್ತು ಕೊಟ್ಟರೆ ಆ ಜಾಗವನ್ನು ಕೆಂಪಾಗುವ ತನಕ ಉಜ್ಜಿಕೊಳ್ಳುತ್ತಿದ್ದಳು. ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಟ. ಮಿಕ್ಸಿ ಹಾಕಬೇಕೆಂದರೆ ದಿವ್ಯ ಅದನ್ನು ಹೊತ್ತುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದಳು. ಅಂಗಿಯ ಕುತ್ತಿಗೆಯ ಹಿಂದಿನ ಚೀಟಿ, ಒಳಗಿನ ಹೊಲಿಗೆ, ಯಾವುದೂ ಮೈಗೆ ತಾಗುವ ಹಾಗಿಲ್ಲ. ಅದಕ್ಕೇ ದಿವ್ಯ ಒಗೆದು ಒಗೆದು ಮೆತ್ತಗಾದ ಟೀ ಶರ್ಟುಗಳನ್ನು ಒಳಮೈ ಹೊರಗೆ ಮಾಡಿ ತೊಡಿಸುತ್ತಿದ್ದಳು. “ಏನವ್ವ, ನಿನ್ನ ಮಗಳು ಅಂಗಿ ತಿರುವಿ ಹಾಕ್ಕಂಡು ಯಾವ ಆಫೀಸಿಗೆ ಹೊಂಟಾಳೆ?” ಎಂದು ನಾನು ಗೇಲಿ ಮಾಡುತ್ತಿದ್ದೆ. ದಿವ್ಯ ನಗುತ್ತಿದ್ದಳು. ಈಗ ನೆನೆದರೆ ಆ ನಗುವಿನಲ್ಲಿ ನಗು ಅಷ್ಟೇನೂ ಇರಲಿಲ್ಲ.

ಅಂಥ ಮಗು ನನ್ನ ಅಂಗಡಿಗೆ ಬಂದಾಗ ಬೇರೆಯೇ ಆಗಿಬಿಡುತ್ತಿತ್ತು. ಅಂಗಡಿಯ ಹಿಂದೆಯೇ ನಮ್ಮ ಮನೆ. ದಿವ್ಯ ಬೇಸಿಗೆಯಲ್ಲಿ ತವರಿಗೆ ಬಂದರೆ ಹದಿನೈದು ಇಪ್ಪತ್ತು ದಿನ ಇರುತ್ತಿದ್ದಳು. ಕರುಣಾಗೆ ಮೂರು ವರ್ಷವಿದ್ದಾಗ ಒಂದು ದಿನ ನಾನು ನೆಲದ ಮೇಲೆ ಕೂತು ಸುತ್ತುವ ಯಂತ್ರದ ಹಿಡಿಕೆ ತಿರುಗಿಸುತ್ತಿದ್ದೆ. ತಂತಿ ಒಂದರ ಪಕ್ಕ ಒಂದು ಬಂದು ಕೂರುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ಬೆನ್ನು ಮಾಡಿಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಬಂದು ತೊಡೆಯ ಮೇಲೆ ಕೂತಳು. ಕೂತವಳು ನನ್ನ ಎಡಗೈ ಎಳೆದು ಹೊಟ್ಟೆಯ ಸುತ್ತ ಬಿಗಿದುಕೊಂಡಳು. ನಾನು ಹಗುರವಾಗಿ ಹಿಡಿದೆ. ಸಾಲಲಿಲ್ಲ, ಮತ್ತೆ ಎಳೆದಳು. ಇನ್ನೂ ಬಿಗಿ, ಇನ್ನೂ ಬಿಗಿ. ಉಸಿರು ಕಟ್ಟೀತು ಎಂದು ನನಗೆ ಭಯವಾಗುವಷ್ಟು ಬಿಗಿಯಾದ ಮೇಲೆ ನಿಟ್ಟುಸಿರು ಬಿಟ್ಟು, ಯಂತ್ರದ ಜೊತೆ ತಾನೂ ಸಣ್ಣಗೆ ಗುಂಯ್‌ಗುಡತೊಡಗಿದಳು.

ಅಂದಿನಿಂದ ಅದು ನಮ್ಮಿಬ್ಬರ ಪದ್ಧತಿ. ಬಲಗೈಯಲ್ಲಿ ಹಿಡಿಕೆ, ಎಡಗೈಯಲ್ಲಿ ಸೊಸೆ. ಅವಳ ಕಿವಿ ಎಂಥದ್ದು ಎಂದರೆ, ಪರೀಕ್ಷೆಗೆ ಹಚ್ಚಿದ ಮೋಟಾರಿನ ಬೇರಿಂಗ್ ಹೋಗಿದೆ ಎನ್ನುವುದು ಇಪ್ಪತ್ತು ವರ್ಷ ಕಸುಬು ಮಾಡಿದ ನನಗೆ ಗೊತ್ತಾಗುವ ಮೊದಲೇ ಅವಳು ಎರಡೂ ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ಅದನ್ನು ಕಂಡ ಮೇಲೆ ಅವಳಿದ್ದಾಗ ಮೋಟಾರು ಓಡಿಸುವುದನ್ನೇ ಬಿಟ್ಟೆ. ಅಂದರೆ ಕಿವಿಯ ವಿಷಯ ನನಗೆ ಗೊತ್ತಿತ್ತು. ಚರ್ಮಕ್ಕೂ ಅಂಥದ್ದೇ ಕಿವಿ ಇರಬಹುದು ಎಂಬುದು ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಹೇಳಿದವರಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ನಾಲ್ಕು ತುಂಬಿದರೂ ಕರುಣಾಗೆ ಮಾತು ಬರಲಿಲ್ಲ. ದಿವ್ಯ ಹಟ ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಆಟಿಸಂ ಎಂದರು. ಸದ್ದು, ಬೆಳಕು, ವಾಸನೆ, ಮುಟ್ಟುವುದು, ನಮಗೆ ಏನೂ ಅನ್ನಿಸದ್ದು ಈ ಮಕ್ಕಳಲ್ಲಿ ಕೆಲವರಿಗೆ ತಡೆಯಲಾರದಷ್ಟು ಆಗುತ್ತದೆ, ವಾರಕ್ಕೆ ಎರಡು ಸಲ ಥೆರಪಿಗೆ ಕರೆತನ್ನಿ ಎಂದರು. ವಸಂತ ತಲೆಯಾಡಿಸಿಕೊಂಡು ಬಂದ. ಹೊಸಬಾಳೆಯಲ್ಲಿ ಯಮುನಮ್ಮ ಅದನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕಿದರು.

“ಅಮ್ಮನ ಮುಡಿ ತಲಿ ಮ್ಯಾಲೆ ಹೊತ್ಕಂಡು ಶಿಮೊಗ್ಗಕ್ಕೆ ಓಡಿದ್ರೆ ಮಾತು ಎಲ್ಲಿಂದ ಬರ್ತತಿ ಮಾರಾಯ? ಮೊದ್ಲು ಹರಕೆ ತೀರ್ಲಿ.”

ಹರಕೆ ಹೊತ್ತವರು ಅವರೇ. ಕರುಣಾ ಎಂಟು ತಿಂಗಳಿಗೇ ಹುಟ್ಟಿ, ಬದುಕುವುದೇ ಅನುಮಾನವಾಗಿದ್ದಾಗ, ಮಗು ಉಳಿದರೆ ಮೂರನೇ ವರ್ಷ ಮುಡಿ ಕೊಡುತ್ತೇನೆಂದು ಜಡೆಯ ದಾರಿಯಲ್ಲಿರುವ ಮನೆದೇವರು ಅಮ್ಮನಿಗೆ ಹೇಳಿಕೊಂಡಿದ್ದರು. ಮೂರನೇ ವರ್ಷಕ್ಕೆ ಸರಿಯಾಗಿ ಲಾಕ್‌ಡೌನ್ ಬಂತು. ನಾಲ್ಕು ಸಮ ಸಂಖ್ಯೆ, ಆಗುವುದಿಲ್ಲ. ಐದನೆಯದು ತಪ್ಪುವ ಹಾಗಿರಲಿಲ್ಲ. ಆ ಮುದುಕಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮೊಮ್ಮಗಳು ಕಿರುಚಿದಾಗಲೆಲ್ಲ ದೃಷ್ಟಿಯಾಗಿದೆ ಎಂದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದರು. ಆ ಘಾಟಿಗೆ ಮಗು ಇನ್ನಷ್ಟು ಕಿರುಚುತ್ತಿತ್ತು, ಅವರು ಇನ್ನೆರಡು ಮೆಣಸಿನಕಾಯಿ ಹಾಕುತ್ತಿದ್ದರು. ಪ್ರೀತಿಗೆ ಏನೂ ಕೊರತೆಯಿರಲಿಲ್ಲ.

ಜವಳಕ್ಕೆ ನಾಲ್ಕು ದಿನ ಇದೆ ಎನ್ನುವಾಗ ದಿವ್ಯ ಫೋನ್ ಮಾಡಿದಳು. ಹಿತ್ತಲಿನಿಂದ ಮಾತಾಡುತ್ತಿದ್ದಳು ಎಂದು ಕಾಣುತ್ತದೆ, ದನಿ ತಗ್ಗಿತ್ತು.

“ಅಣ್ಣ, ನೀನು ಬರಬ್ಯಾಡ.”

“ಏನಂದಿ?”

“ಜವಳಕ್ಕೆ ಬರಬ್ಯಾಡ ಅಂದೆ. ಮಾವ ಇಲ್ಲ ಅಂದ್ರೆ ತೆಗೆಯಂಗಿಲ್ಲ. ನಾನು ಬ್ಯಾಡ ಅಂದ್ರೆ ಇಲ್ಲಿ ಯಾರೂ ಕೇಳಲ್ಲ. ನೀನು ಬರ್ಲಿಲ್ಲ ಅಂದ್ರೆ ತಾನಾಗೇ ನಿಲ್ತತಿ.”

“ಹಂಗಂದ್ರೆ ಹೆಂಗೆ? ನಾಳೆ ನಿನ್ನ ಅತ್ತೆ ‘ಬೀಗ್ರ ಕಡಿಯವ್ರು ಬರಲೇ ಇಲ್ಲ’ ಅಂತ ಊರ ತುಂಬ ಹೇಳ್ಕಂಡು ತಿರುಗ್ತಾರೆ.”

“ಹೇಳ್ಕಳ್ಳಿ ಬಿಡು. ಜ್ವರ ಅನ್ನು. ಬೇಕಾದ್ರೆ ಏನರ ನೆಪ ತಗದು ಜಗಳ ಮಾಡು, ನಿನಗೇನು ಬರಲ್ಲ ಅಂತಲ್ಲ. ಅಣ್ಣ, ಅವಳ ತಲಿ ಮ್ಯಾಲೆ ಒಂದು ಹನಿ ನೀರು ಬಿದ್ರೆ ಅರ್ಧ ತಾಸು ಒದ್ದಾಡ್ತಾಳೆ. ಬಾಚಣಿಗಿ ಮುಟ್ಟಿಸಿಲ್ಲ ನಾನು ಇವತ್ತಿನ ತನಕ. ನಿದ್ದಿ ಮಾಡಿದ ಮ್ಯಾಲೆ ಬೆರಳಾಗೇ ಸಿಕ್ಕು ಬಿಡಿಸ್ತೀನಿ. ಆ ಕತ್ತಿ ಹೆಂಗೆ ತಡಕಂತಾಳೆ ಹೇಳು?”

“ಹೇ, ಸುಮ್ನಿರು. ನನ್ನ ತೊಡಿ ಮ್ಯಾಲೆ ಕೂತ್ರೆ ಅವಳು ಅಳಾಂಗಿಲ್ಲ.”



“ಅದಕ್ಕೇ ಬರಬ್ಯಾಡ ಅನ್ನಾದು” ಎಂದು ಫೋನ್ ಇಟ್ಟಳು.

ಆ ಮಾತಿನ ಅರ್ಥ ನನಗೆ ಆಗಲಿಲ್ಲ. ನನಗೆ ಅರ್ಥವಾದದ್ದು ಇಷ್ಟೇ: ಸೋದರಮಾವನಾದವನಿಗೆ ಜವಳಕ್ಕೆ ಬರಬೇಡ ಎಂದರು. ಸಿಟ್ಟು ಬಂತು. ಅದರ ಕೆಳಗೆ ಇನ್ನೊಂದು ಇತ್ತು, ಹೇಳಿಬಿಡುತ್ತೇನೆ. ಆ ಮನೆಯಲ್ಲಿ ಅಜ್ಜಿಯ ಕೈಗೂ ಅಪ್ಪನ ಕೈಗೂ ಸಿಗದ ಮಗು ನನ್ನ ತೊಡೆಯನ್ನು ತಾನಾಗಿ ಹುಡುಕಿಕೊಂಡು ಬರುತ್ತಿತ್ತು. ನೂರು ಜನರ ಎದುರು ಅವಳು ಓಡಿ ಬಂದು ನನ್ನ ಬಳಿ ಕೂರುವುದನ್ನು ಅವರೆಲ್ಲ ನೋಡಬೇಕು ಎಂದು ನನಗೆ ಆಸೆಯಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಮಾವ ಹೊಸ ಬಟ್ಟೆ ತರಬೇಕು. ನನ್ನ ಹೆಂಡತಿ ರಜನಿ ಅಂಗಡಿಯಲ್ಲಿ ಒಂದು ಹತ್ತಿಯ ಲಂಗ ಎತ್ತಿ ಹಿಡಿದು, “ಇದು ಮೆತ್ತಗೈತ್ರೀ, ಆ ಮಗುಗೆ ಇದೇ ಸರಿ” ಎಂದಳು. ನಾನು ಜರಿ, ಮಣಿ, ಮೂರು ಸುತ್ತು ನೆಟ್ಟು ಇದ್ದ ಗುಲಾಬಿ ಫ್ರಾಕು ಕಟ್ಟಿಸಿದೆ. ತಟ್ಟೆಯಲ್ಲಿಟ್ಟರೆ ಎದ್ದು ಕಾಣಬೇಕಲ್ಲ.

ಶುಕ್ರವಾರ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಆನವಟ್ಟಿಯಲ್ಲಿ ಇಳಿದಾಗ ವಸಂತ ಬೈಕು ತಂದು ಕಾಯುತ್ತಿದ್ದ. ನಾವು ಗುಡಿಗೆ ಹೋಗುವ ಹೊತ್ತಿಗೆ ನೆಂಟರೆಲ್ಲ ಸೇರಿದ್ದರು. ಗಂಟೆ, ಮಕ್ಕಳ ಗಲಾಟೆ, ಊದುಬತ್ತಿ, ಒಗ್ಗರಣೆಯ ಹೊಗೆ. ದಿವ್ಯ ನನ್ನನ್ನು ನೋಡಿದಳು. ನೋಡಿ ಮುಖ ಆ ಕಡೆ ಮಾಡಿದಳು. ಕರುಣಾ ಗುಡಿಯ ಹಿಂದೆ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಯಮುನಮ್ಮ ಮತ್ತು ಇಬ್ಬರು ಹೆಂಗಸರು ಅವಳಿಗೆ ಆ ಫ್ರಾಕು ಹಾಕಿದರು. ಕುತ್ತಿಗೆಯ ಹತ್ತಿರ ಎರಡೂ ಕೈಯಿಂದ ಎಳೆದುಕೊಳ್ಳುತ್ತಿದ್ದಳು, ಅಳು ಬಾಯಿಗೆ ಬಂದು ನಿಂತಿತ್ತು.

ಅಷ್ಟರಲ್ಲಿ ಮಣೆಯ ಮೇಲೆ ಕೂತಿದ್ದ ನಾನು ಅವಳ ಕಣ್ಣಿಗೆ ಬಿದ್ದೆ.

ಓಡಿ ಬಂದಳು. ಹತ್ತಿರ ಬಂದು, ತಿರುಗಿ, ಬೆನ್ನು ಕೊಟ್ಟು, ನನ್ನ ತೊಡೆಯ ಮೇಲೆ ಕೂತು ನನ್ನ ಎರಡೂ ಕೈ ಎಳೆದು ಸುತ್ತಿಕೊಂಡಳು. ಜನ ಹೋ ಎಂದರು. “ನೋಡ್ರೇ, ಮಾವ ಅಂದ್ರೆ ಹೆಂಗೈತಿ!” ಎಂದು ಯಾರೋ ಅಂದರು. ನಾನು ಉಬ್ಬಿ ಹೋದೆ. ದಿವ್ಯಳ ಕಡೆ ನೋಡಿ, ಹೇಳಿದ್ದೆನಲ್ಲ ಎನ್ನುವ ಹಾಗೆ ಹುಬ್ಬು ಕುಣಿಸಿದೆ. ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕ್ಷೌರದ ಜಯಪ್ಪ ವಯಸ್ಸಾದವರು, ನಿಧಾನದ ಕೈ. ಚೊಂಬಿನಿಂದ ನೀರು ತೆಗೆದು ತಲೆಗೆ ತಟ್ಟಿದರು. ಕರುಣಾ ಕೂಗಿದಳು. ಅಂಥ ಕೂಗು ನಾನು ಅವಳಿಂದ ಕೇಳಿರಲಿಲ್ಲ. ಆದರೆ ಆ ಕ್ಷಣದಲ್ಲಿ ಅವಳು ಮಾಡಿದ್ದು ಏನು ಗೊತ್ತೇ? ತಪ್ಪಿಸಿಕೊಳ್ಳಲು ನೋಡಲಿಲ್ಲ. ನನ್ನ ಕೈಗಳನ್ನು ಇನ್ನೂ ಬಿಗಿಯಾಗಿ ತನ್ನ ಕಡೆಗೆ ಎಳೆದುಕೊಂಡಳು. ಬೆನ್ನನ್ನು ನನ್ನ ಎದೆಯೊಳಗೆ ಒತ್ತಿದಳು. ನಾನು ಅವಳ ಕಡೆಯವನು ಎಂದು ತಿಳಿದಿದ್ದಳು.

ಜಯಪ್ಪ ಕೈ ಹಿಂದೆ ತೆಗೆದರು. “ಬ್ಯಾಡ್ರೀ. ಮಗು ಭಾಳ ಕಷ್ಟ ಬೀಳ್ತತಿ. ಮೂರು ಎಳಿ ಕತ್ತರಿಸಿ ಅಮ್ಮನ ಪಾದಕ್ಕೆ ಇಟ್ರೂ ನಡೀತತಿ. ಎಷ್ಟೋ ಜನ ಹಂಗೇ ಮಾಡ್ತಾರೆ.”

“ಹೌದು, ಅಷ್ಟೇ ಮಾಡ್ಸಾಣ” ಎಂದು ದಿವ್ಯ ಮುಂದೆ ಬಂದಳು. ವಸಂತ ತಾಯಿಯ ಮುಖ ನೋಡಿದ. ಯಮುನಮ್ಮ ಹಟ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ನೀನೇ ಹೇಳಪ್ಪ ತೀರ್ಥೇಶ. ಮಾವ ಹೆಂಗಂತಾನೋ ಹಂಗೆ.”

ನೂರು ಜನ ನನ್ನ ಬಾಯಿ ನೋಡುತ್ತಿದ್ದರು. ಮೂರು ಎಳೆ ಎನ್ನುವುದು ನನಗೆ ಸೋಲಿನ ಹಾಗೆ ಕಂಡಿತು. ನನ್ನ ತೊಡೆಯ ಮೇಲೂ ಮಗು ನಿಲ್ಲಲಿಲ್ಲ ಎಂದು ನಾಳೆ ಆಡಿಕೊಳ್ಳುತ್ತಾರೆ ಎನ್ನಿಸಿತು. ಜೊತೆಗೆ, ದೇವರಾಣೆ, ಮುಡಿ ಪೂರ್ತಿ ಹೋದರೆ ಮಾತು ಬಂದರೂ ಬರಬಹುದು ಎನ್ನುವ ಆಸೆಯೂ ಒಂದು ಮೂಲೆಯಲ್ಲಿತ್ತು. ಅವಳ ಬಾಯಲ್ಲಿ ಒಮ್ಮೆ ‘ಮಾವ’ ಎಂದು ಕರೆಸಿಕೊಳ್ಳಬೇಕು ಎಂದು ನನಗೆ ಬಹಳ ಇತ್ತು.

“ನೀವು ಕೆಲಸ ಮುಗ್ಸ್ರೀ. ನಾ ಹಿಡ್ಕಂಡೀನಿ” ಎಂದೆ.

ಕತ್ತಿ ತಾಗಿದ ಮೇಲೆ ಅವಳಿಗೆ ತಿಳಿಯಿತು. ನನ್ನ ಕೈಗಳನ್ನು ಎಳೆದುಕೊಳ್ಳುತ್ತಿದ್ದವಳು ಈಗ ದೂಡತೊಡಗಿದಳು. ನಾನು ಬಿಡಲಿಲ್ಲ. ಎರಡೂ ಕೈ ಅವಳ ಮೈಗೆ ಸೇರಿಸಿ ಅದುಮಿ ಹಿಡಿದೆ. ಹೇಗೆ ಹಿಡಿಯಬೇಕು, ಎಷ್ಟು ಬಿಗಿ ಹಿಡಿದರೆ ಅಲುಗಾಡಲು ಆಗುವುದಿಲ್ಲ ಎಂದು ನನಗೆ ಕಲಿಸಿದವಳೇ ಅವಳು. ಐದು ವರ್ಷದ ಮಗುವಿಗೆ ಅಷ್ಟು ಶಕ್ತಿ ಎಲ್ಲಿತ್ತೋ, ನನ್ನ ಮುಂಗೈ ಕಚ್ಚಿದಳು, ಹಿಮ್ಮಡಿಯಿಂದ ಮೊಣಕಾಲಿಗೆ ಒದ್ದಳು. ಜಯಪ್ಪ “ಸ್ವಲ್ಪ ತಾಯಿ, ಆತು ತಾಯಿ” ಎನ್ನುತ್ತಲೇ ಇದ್ದರು. ಅರ್ಧ ಆದ ಮೇಲೆ ದಿವ್ಯ “ಬಿಡು ಅಣ್ಣ, ಸಾಕು ಬಿಡು” ಎಂದು ನನ್ನ ಭುಜ ಹಿಡಿದು ಜಗ್ಗಿದಳು. “ಅರ್ಧ ತಲಿ ಬಿಡ್ತಾರೇನೆ? ತಿಳಿತತೇನು ನಿನಗೆ?” ಎಂದು ಅಷ್ಟು ಜನರ ಎದುರು ಅವಳ ಮೇಲೆ ಕೂಗಾಡಿದೆ.

ಇನ್ನೇನು ಮುಗಿಯಿತು ಎನ್ನುವಾಗ ಕರುಣಾ ಸುಮ್ಮನಾದಳು. ಅಳು ನಿಂತಿತು, ಒದೆತ ನಿಂತಿತು, ಮೈ ಸಡಿಲವಾಯಿತು. ನನ್ನ ಪಂಚೆ ಬಿಸಿಯಾಗಿ ಒದ್ದೆಯಾಯಿತು. “ನೋಡ್ರಿ, ಅಮ್ಮ ಒಪ್ಕಂಡ್ಳು” ಎಂದು ಹೆಂಗಸರು ಕೈ ಮುಗಿದರು. ಬೋಳು ತಲೆಗೆ ಅರಿಶಿನ ಹಚ್ಚಿದರೂ ಅವಳು ಮಿಸುಕಲಿಲ್ಲ. ಕಣ್ಣು ತೆರೆದೇ ಇತ್ತು, ಎದುರಿಗೆ ನಿಂತವರನ್ನು ನೋಡುತ್ತಿರಲಿಲ್ಲ. ದಿವ್ಯ ಬಂದು ಎತ್ತಿಕೊಂಡು, ಮೊದಲು ಆ ಫ್ರಾಕು ಹರಿದು ತೆಗೆದಳು.

ನಾನು ಪಂಚೆ ಬದಲಿಸಿಕೊಂಡು ಪಂಕ್ತಿಯಲ್ಲಿ ಕೂತೆ. ಎರಡು ಹೋಳಿಗೆ ತಿಂದೆ. ಮೂರನೆಯದಕ್ಕೂ ಕೈ ಒಡ್ಡಿದೆ.

ಆಮೇಲಿನ ತಿಂಗಳುಗಳ ಸುದ್ದಿ ನನಗೆ ತುಂಡು ತುಂಡಾಗಿ ಬಂತು. ಮಗು ನಿದ್ದೆ ಮಾಡುವುದಿಲ್ಲವಂತೆ. ದಿನವಿಡೀ ತಲೆಗೆ ಟವೆಲ್ ಸುತ್ತಿಕೊಂಡೇ ಇರುತ್ತಾಳಂತೆ. ತಿನ್ನುತ್ತಿದ್ದ ನಾಲ್ಕು ಪದಾರ್ಥಗಳಲ್ಲಿ ಎರಡನ್ನು ಬಿಟ್ಟಳಂತೆ. ಗುಂಯ್‌ಗುಡುವುದೂ ನಿಂತುಹೋಯಿತಂತೆ. ಇದ್ದ ಒಂದೇ ದನಿ ಅದು. ಇಷ್ಟನ್ನೂ ನನಗೆ ಹೇಳಿದವನು ವಸಂತ. ದಿವ್ಯ ಒಂದು ಮಾತೂ ಹೇಳಲಿಲ್ಲ, ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು, ಅತ್ತು, ಎಲ್ಲೋ ಒಂದು ಕಡೆ ಅದು ಮುಗಿಯುತ್ತಿತ್ತು.

ಆ ಬೇಸಿಗೆಯಲ್ಲಿ ತವರಿಗೆ ಬಂದಾಗ ಕರುಣಾ ಅಂಗಡಿಯ ಒಳಗೆ ಕಾಲಿಡಲಿಲ್ಲ. ರಸ್ತೆಯ ಆಚೆ ನಿಂತು ಯಂತ್ರವನ್ನು ನೋಡುತ್ತಿದ್ದಳು. ನಾನು ಎದ್ದು ಹೊರಗೆ ಹೋದರೆ ಮಾತ್ರ ಬಾಗಿಲ ತನಕ ಬರುತ್ತಿದ್ದಳು. ಹಾಗಾಗಿ ದಿನಕ್ಕೆ ಎರಡು ಸಲ ಹಿಡಿಕೆಯನ್ನು ರಜನಿಯ ಕೈಗೆ ಕೊಟ್ಟು ನಾನು ಎದುರಿನ ಹೋಟೆಲಿನಲ್ಲಿ ಕೂರುತ್ತಿದ್ದೆ. ಅಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ರಜನಿ ಸುತ್ತಿದ ಕಾಯಿಲ್ ಒಂದೂ ಉಪಯೋಗಕ್ಕೆ ಬರುತ್ತಿರಲಿಲ್ಲ, ಎಲ್ಲ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ.

ದಿವ್ಯ ಯಾರನ್ನೂ ಕೇಳದೆ ಮಗಳನ್ನು ವಾರಕ್ಕೆರಡು ಸಲ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಲು ಶುರು ಮಾಡಿದ್ದಳು. ಒಂದು ಸಲ ಬಸ್ ಮುಷ್ಕರವಾಗಿ ನಾನು ಗೆಳೆಯನ ಕಾರು ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ ಕರುಣಾ ಹಿಂದಿನ ಸೀಟಿನಲ್ಲಿ ತಾಯಿಯ ಸೆರಗಿನೊಳಗೆ ಮುಖವಿಟ್ಟಿದ್ದಳು. ಥೆರಪಿ ಮಾಡುವ ಧನಲಕ್ಷ್ಮಿ ಮೇಡಂ ಸಣ್ಣ ವಯಸ್ಸಿನ ಹೆಣ್ಣುಮಗಳು. ದಿವ್ಯ ಮಗಳ ಜೊತೆ ಒಳಗಿದ್ದಾಗ ಹೊರಗೆ ಬಂದ ಅವರನ್ನು ನಾನು ನಿಲ್ಲಿಸಿ, ತಲೆ ಬೋಳಿಸಿದರೆ ಅಷ್ಟೊಂದು ಏನಾಗುತ್ತದೆ ಮೇಡಂ ಎಂದು ಕೇಳಿದೆ.

“ನೀವು ಬೈಕಿನ ಬಿಸಿ ಸೈಲೆನ್ಸರಿಗೆ ಕಾಲು ತಾಗಿಸ್ಕೊಂಡಿದ್ದೀರಾ?”

“ಹೂಂ, ಎಷ್ಟೋ ಸಲ.”

“ತಕ್ಷಣ ಎಳ್ಕೊಂಡ್ರಿ ಅಲ್ವಾ? ಯಾರಾದ್ರೂ ಎಳ್ಕೊಳ್ಳೋಕೆ ಬಿಡದೆ ಕಾಲನ್ನ ಅಲ್ಲೇ ಒತ್ತಿ ಹಿಡಿದಿದ್ರೆ?” ಎಂದು ಒಳಗೆ ಇಣುಕಿ ನೋಡಿ, “ಈ ಮಗುಗೆ ಯಾರೋ ಹಾಗೆ ಮಾಡಿದ್ದಾರೆ. ಯಾರು ಅಂತ ಅವರಮ್ಮ ಹೇಳಲ್ಲ. ತುಂಬಾ ಬೇಕಾದವರೇ ಇರಬೇಕು. ಬೇರೆ ಯಾರೋ ಆಗಿದ್ರೆ ಮಗು ಇಷ್ಟು ಕುಸಿತಿರ್ಲಿಲ್ಲ. ನೀವು ಮಾವ ಅಂದ್ರಲ್ಲ, ಸ್ವಲ್ಪ ಮನೆಯವರಿಗೆ ತಿಳಿಸಿ ಹೇಳಿ” ಎಂದರು.

ನಾನು ಹೇಳ್ತೀನಿ ಮೇಡಂ ಎಂದೆ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಬಸ್ ಹತ್ತಿ ಜಡೆಗೆ ಹೋಗಿ ಜಯಪ್ಪನವರ ಮುಂದೆ ಕೂತು, ನನ್ನ ತಲೆ ಬೋಳಿಸಿ ಎಂದೆ. ಅವರು ಚೊಂಬು ಹತ್ತಿರಕ್ಕೆ ಎಳೆದುಕೊಂಡರು. ಕಣ್ಣು ಮುಚ್ಚಿಕೊಂಡು, ಒಂದೊಂದು ಹನಿಯನ್ನೂ ಕತ್ತಿಯ ಒಂದೊಂದು ಎಳೆತವನ್ನೂ ಗಮನವಿಟ್ಟು ಅನುಭವಿಸಲು ನೋಡಿದೆ. ತಂಪಾಗಿತ್ತು. ಹಿತವಾಗಿ ತೂಕಡಿಕೆಯೂ ಬಂತು. ಅವಳಿಗಾದದ್ದರ ಒಂದು ಕಾಳಿನಷ್ಟೂ ನನಗೆ ಸಿಗಲಿಲ್ಲ, ಸಿಗುವುದೂ ಇಲ್ಲ. ಏಳುವಾಗ ಜಯಪ್ಪ, “ನಾನೂ ಕತ್ತಿ ಕೆಳಗೆ ಇಡಬೇಕಿತ್ತು ಕಣಪ್ಪ” ಎಂದರು.

ಈಗ ಕರುಣಾಗೆ ಎಂಟು ವರ್ಷ. ಕೂದಲು ಭುಜದ ತನಕ ಬಂದಿದೆ. ದಿವ್ಯ ಮನೆಯಲ್ಲೇ ಕತ್ತರಿ ಮೊದಲು ಅವಳ ಕೈಗೆ ಕೊಟ್ಟು, ಮುಟ್ಟಿಸಿ, ದಿನಕ್ಕೆ ಒಂದೇ ಒಂದು ಎಳೆಯ ತುದಿ ಕತ್ತರಿಸುತ್ತಾಳೆ. ಮೆಣಸಿನಕಾಯಿ ನಿವಾಳಿಸುವುದನ್ನು ಯಮುನಮ್ಮ ಬಿಟ್ಟಿದ್ದಾರೆ. ಮೇಡಂ ಕೈಸನ್ನೆ ಕಲಿಸಿದ್ದಾರೆ. ನೀರು, ಊಟ, ಸಾಕು, ಹೊರಗೆ, ಇವಕ್ಕೆಲ್ಲ ಒಂದೊಂದು ಸನ್ನೆ. ಮಾತು ಇನ್ನೂ ಬಂದಿಲ್ಲ, ಬರಬಹುದು, ಬಾರದೆಯೂ ಇರಬಹುದು ಎನ್ನುತ್ತಾರೆ.

ಹೋದ ತಿಂಗಳು ವಸಂತ ಫೋನ್ ಮಾಡಿದ. ದನಿಯಲ್ಲೇ ಖುಷಿ ತುಳುಕುತ್ತಿತ್ತು.

“ಭಾವ, ಈಗ ಜನರ ಹೆಸರೂ ಹೇಳ್ತಾಳೆ ರೀ! ಯಾರೂ ಕಲಿಸಿಲ್ಲ, ತಾನೇ ಮಾಡ್ಕಂಡಾಳೆ. ನಿಮ್ದೂ ಐತಿ. ಬರ್ರೀ, ನೋಡ್ರಂತೆ.”

ನನ್ನದೂ ಇದೆ ಎಂದನಲ್ಲ, ಅಂಗಡಿಗೆ ಬೀಗ ಹಾಕಿ ಸಿಕ್ಕಿದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನನ್ನ ಸನ್ನೆ ಏನಿರಬಹುದು ಎಂದು ಯೋಚಿಸಿದೆ. ಹಿಡಿಕೆ ತಿರುಗಿಸುವುದೇ ಇರಬೇಕು ಎಂದುಕೊಂಡೆ. ಪಕ್ಕದಲ್ಲಿ ಕೂತವರಿಗೆ ಕಾಣದ ಹಾಗೆ ಒಂದೆರಡು ಸಲ ಕೈ ತಿರುಗಿಸಿಯೂ ನೋಡಿಕೊಂಡೆ.

ಹೊಸಬಾಳೆಯಲ್ಲಿ ಮನೆಯವರೆಲ್ಲ ಜಗಲಿಯ ಮೇಲಿದ್ದರು. ಕರುಣಾ ಕಂಬಕ್ಕೆ ಬೆನ್ನು ಒತ್ತಿಕೊಂಡು ಕೂತಿದ್ದಳು. ನಾನು ಅಂಗಳದಲ್ಲೇ ನಿಂತೆ, ಅವಳಿಗೆ ಅಷ್ಟು ದೂರ ಬೇಕು. ವಸಂತ ಮೊಬೈಲಿನಲ್ಲಿ ಒಬ್ಬೊಬ್ಬರ ಫೋಟೋ ತೋರಿಸಿದ. ತಾಯಿಯ ಫೋಟೋಗೆ ತನ್ನ ತೋಳನ್ನು ತಾನೇ ಮೇಲಿಂದ ಕೆಳಗೆ ನೀವಿಕೊಂಡಳು. ಅಪ್ಪನಿಗೆ ಬೈಕಿನ ಎಕ್ಸಲರೇಟರ್ ತಿರುವಿದಳು. ಅಜ್ಜಿಯ ಫೋಟೋ ಬಂದಾಗ ಮೂಗು ಹಿಡಿದುಕೊಂಡಳು. ಮೆಣಸಿನಕಾಯಿ ಘಾಟು. “ಅಯ್ಯೋ ನನ್ನ ಕರ್ಮವೇ” ಎಂದು ಯಮುನಮ್ಮ ನಕ್ಕರು, ಆದರೂ ಹಿಗ್ಗಿದರು. ಪ್ರತಿ ಹೆಸರಿಗೂ ಮನೆಯವರೆಲ್ಲ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸುತ್ತಿದ್ದರು. ಚಪ್ಪಾಳೆಯ ಸದ್ದು ಅವಳಿಗೆ ಆಗುವುದಿಲ್ಲ, ಅದಕ್ಕೆ ಇದು ಸದ್ದಿಲ್ಲದ ಚಪ್ಪಾಳೆ.

“ಈಗ ನೋಡ್ರೀ ಭಾವ” ಎಂದು ವಸಂತ ನನ್ನ ಫೋಟೋ ತೆಗೆ‌ದ. ದಿವ್ಯ ಎದ್ದು ಒಳಗೆ ಹೋದಳು.

ಕರುಣಾ ಫೋಟೋ ನೋಡಿದಳು. ಎರಡೂ ಅಂಗೈಗಳನ್ನು ತಲೆಯ ಮೇಲೆ ಒತ್ತಿಟ್ಟು, ಮೊಣಕೈಗಳನ್ನು ಮುಖದ ಮುಂದೆ ಸೇರಿಸಿ, ಕುಗ್ಗಿ ಕೂತಳು.

“ನೋಡಿದ್ರಾ? ಮಾವ ಅಂದ್ಳು!” ಎಂದ ವಸಂತ. ಅವನಿಗೆ ತಿಳಿಯದೆ ಇಲ್ಲ. ಆದರೆ ಎಂಟು ವರ್ಷ ಮಗಳ ಒಂದು ಮಾತಿಗಾಗಿ ಕಾದ ಅಪ್ಪ ಅವನು, ಅದು ಎಂಥ ಮಾತು ಎಂದು ಆರಿಸುವ ಸ್ಥಿತಿಯಲ್ಲಿಲ್ಲ. “ಇನ್ನೊಂದು ಸಲ ಪುಟ್ಟಿ, ಇವರು ಯಾರು?” ಎಂದು ಮತ್ತೆ ತೋರಿಸಿದ. ಮತ್ತೆ ಅದೇ. ಒಂದು ಚೂರೂ ತಪ್ಪಲಿಲ್ಲ.

ಯಮುನಮ್ಮನೂ ವಸಂತನೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ಅವಳು ಮೊಣಕೈಗಳ ಸಂದಿಯಿಂದ ನನ್ನ ಕಡೆ ನೋಡುತ್ತಿದ್ದಳು. ಸರಿಯಾಗಿ ಹೇಳಿದ್ದಕ್ಕೆ ಎಲ್ಲರೂ ಹೀಗೆ ಮಾಡಬೇಕು, ಅವಳಿಗೆ ಅದು ಅಭ್ಯಾಸ. ನಾನೂ ಅಂಗಳದಲ್ಲಿ ನಿಂತಲ್ಲಿಂದಲೇ ಎರಡೂ ಕೈ ಎತ್ತಿ ಅಲ್ಲಾಡಿಸಿದೆ.